ಹಳೇ ಬೆಳ್ಳಿ ರೂಪಾಯಿ ಮಾರೋದು ಹೇಗೆ?

ನಮ್ಮಲ್ಲಿ ಸುಮಾರು ಜನರ ಮನೆಯ ದೇವರ ಗೂಡಿನಲ್ಲೋ ಬೀರುವಿನ ಒಳಖಾನೆಯಲ್ಲೋ ಒಂದಷ್ಟು ಹಳೇ ಬೆಳ್ಳಿ ರೂಪಾಯಿ ಇದ್ದೇ ಇರುತ್ತವೆ. ರಾಣಿ ತಲೆಯದ್ದು, ಬೋಳು ತಲೆ ರಾಜನದ್ದು, ಕಿರೀಟದ ರಾಜನದ್ದು. ವರ್ಷಕ್ಕೊಮ್ಮೆ ಲಕ್ಷ್ಮೀ ಪೂಜೆಗೆ ಹೊರಗೆ ಬಂದು ಮತ್ತೆ ಡಬ್ಬಿ ಸೇರುತ್ತವೆ. ಮನೆಗೆ ಕಷ್ಟ ಬಂದಾಗ ಮೊದಲು ನೆನಪಾಗುವುದೂ ಅವೇ. ಆಗ ಅವು ಹೋಗುವುದು ಊರಿನ ಚಿನ್ನ-ಬೆಳ್ಳಿ ಅಂಗಡಿಗೆ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ, ಒಂದು ರೇಟು ಹೇಳಿ, ಕರಗಿಸಲು ಕಳಿಸುತ್ತಾರೆ. ಕರಗಿದ ಮೇಲೆ 1840ರ ನಾಣ್ಯಕ್ಕೂ ಮೊನ್ನೆ ಕೊಂಡ ಕಾಲ್ಗೆಜ್ಜೆಗೂ ವ್ಯತ್ಯಾಸ ಇಲ್ಲ.

ಹೋದ ವರ್ಷ ನಮ್ಮ ದೊಡ್ಡಮ್ಮನ ಡಬ್ಬಿಗೂ ಇದೇ ಆಗುವುದರಲ್ಲಿತ್ತು. ಅಕ್ಕನ ಕೊನೇ ವರ್ಷದ ಫೀಸಿಗೆ ದುಡ್ಡು ಕಡಿಮೆ ಬಿದ್ದಿತ್ತು. ಡಬ್ಬಿಯಲ್ಲಿ 26 ನಾಣ್ಯ. ಅಂಗಡಿಯವರು ತೂಗಿ, "ಮಿಕ್ಸ್ ಮಾಲು ಇದೆ" ಅಂತ ಕಳೆದು ಒಂದು ಮೊತ್ತ ಹೇಳಿದರು. ಅವರದ್ದು ಮೋಸ ಅಂತ ನಾನು ಹೇಳುವುದಿಲ್ಲ, ಅವರು ಕೊಳ್ಳುವುದು ಲೋಹ, ನಾಣ್ಯ ಅಲ್ಲ. ನಾಣ್ಯವನ್ನು ನಾಣ್ಯವಾಗಿ ಕೊಳ್ಳುವವರು ಸಂಗ್ರಾಹಕರು. ಅವರಿಗೆ ಮಾರಬೇಕಾದರೆ ಮಾರುವವನಿಗೆ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಿರಬೇಕು. ಈ ಲೇಖನ ಅದರ ಬಗ್ಗೆಯೇ. ಇದರಲ್ಲಿ ಅರ್ಧ ಇತಿಹಾಸ, ಅರ್ಧ ನಮ್ಮ ಫಸ್ಟ್ ಇಯರ್ ಫಿಸಿಕ್ಸ್.

ಮೊದಲ ಮಾತು: ತೊಳೆಯಬೇಡಿ. ನಾಣ್ಯ ಮಾರುತ್ತೇವೆ ಅಂದ ಕೂಡಲೇ ಮನೆಯವರು ಮಾಡುವ ಮೊದಲ ಕೆಲಸ ಹುಣಸೆಹಣ್ಣು, ವಿಭೂತಿ ಇಲ್ಲವೇ ಟೂತ್‌ಪೇಸ್ಟ್ ಹಾಕಿ ತಿಕ್ಕುವುದು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶ ಸೇರಿ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಪದರ ಕಟ್ಟುವುದರಿಂದ. ಆ ಪದರ ತೆಳುವಾಗಿದ್ದಾಗ ಸೋಪಿನ ಗುಳ್ಳೆಯಲ್ಲಿ ಕಾಣುವ ಥಿನ್ ಫಿಲ್ಮ್ ಇಂಟರ್‌ಫಿಯರೆನ್ಸ್ ಇಲ್ಲೂ ನಡೆದು ಹಳದಿ, ನೇರಳೆ, ನೀಲಿ ಬಣ್ಣ ಬರುತ್ತದೆ. ಸಂಗ್ರಾಹಕರು ಇದನ್ನು ಟೋನಿಂಗ್ ಅನ್ನುತ್ತಾರೆ, ಚೆನ್ನಾಗಿ ಬಂದಿದ್ದರೆ ಹೆಚ್ಚು ದುಡ್ಡೂ ಕೊಡುತ್ತಾರೆ. ನಮಗೆ ಕೊಳೆ ಅನ್ನಿಸುವುದು ಅವರಿಗೆ ಈ ನಾಣ್ಯವನ್ನು ಯಾರೂ ಮುಟ್ಟಿಲ್ಲ ಅನ್ನುವುದಕ್ಕೆ ಸಾಕ್ಷಿ. ತಿಕ್ಕಿದರೆ ಪದರದ ಜೊತೆ ಲೋಹವೂ ಹೋಗಿ ಸಾವಿರ ಸಣ್ಣ ಗೀರು ಬೀಳುತ್ತವೆ. ಭೂತಗನ್ನಡಿಯಲ್ಲಿ ಎಲ್ಲಾ ಒಂದೇ ದಿಕ್ಕಿಗೆ ಕಾಣುತ್ತವೆ. ಆಮೇಲೆ ಏನು ಮಾಡಿದರೂ ಸರಿ ಹೋಗಲ್ಲ. ನಮ್ಮ ಡಬ್ಬಿಯಲ್ಲಿ ಪ್ರತಿ ವರ್ಷ ಪೂಜೆಗೆ ಹೊಳಪು ಪಡೆದ ನಾಲ್ಕು ನಾಣ್ಯ ಇದ್ದವು. ಡಬ್ಬಿಯ ತಳದಲ್ಲಿ ಮರೆತುಹೋಗಿದ್ದ ಕರೀ ನಾಣ್ಯಗಳಿಗೇ ಅವಕ್ಕಿಂತ ಹೆಚ್ಚು ಬೆಲೆ ಬಂತು.

ಇನ್ನು ವಿಂಗಡಣೆ. ಕರ್ನಾಟಕದ ಮನೆಗಳಲ್ಲಿ ಸಿಗುವ ಬೆಳ್ಳಿ ರೂಪಾಯಿಗಳಲ್ಲಿ ಹೆಚ್ಚಿನವು ಬ್ರಿಟಿಷ್ ಇಂಡಿಯಾದವು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಎಲ್ಲಾ ಕಡೆಗೂ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದ ಒಂದು ಪಾಲು ಬೆರಕೆ. ಶೇಕಡಾ ಲೆಕ್ಕದಲ್ಲಿ 91.7. ಹಾಗಾಗಿ ಒಂದು ರೂಪಾಯಿಯಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಈ ಅಳತೆ 1939ರವರೆಗೆ ಬದಲಾಗಲಿಲ್ಲ. ನೂರು ವರ್ಷದಲ್ಲಿ ರಾಜರು ಬದಲಾದರು, ತೂಕ ಬದಲಾಗಲಿಲ್ಲ.

1940ರಲ್ಲಿ, ಎರಡನೇ ಮಹಾಯುದ್ಧದ ಸಮಯಕ್ಕೆ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 50 ಭಾಗ ಬೆಳ್ಳಿ, 40 ತಾಮ್ರ, 5 ನಿಕಲ್, 5 ಸತು. ತೂಕ ಮಾತ್ರ ಅದೇ 11.66. 1947ರಲ್ಲಿ ಬೆಳ್ಳಿಯೇ ಹೋಗಿ ಪೂರ್ತಿ ನಿಕಲ್ ಆಯಿತು. ಅಂಗಡಿಯವರು "ಮಿಕ್ಸ್ ಮಾಲು" ಅಂದದ್ದು ಇದನ್ನೇ. ಆದರೆ ನಮ್ಮ 26ರಲ್ಲಿ ಅರ್ಧ ಬೆಳ್ಳಿಯವು ಇದ್ದದ್ದು ಎರಡೇ, 1940ರದ್ದೊಂದು, 1944ರದ್ದೊಂದು. ಎರಡು ನಾಣ್ಯದ ಕಾರಣಕ್ಕೆ ಎಲ್ಲದರ ರೇಟನ್ನೂ ಇಳಿಸಿದ್ದರು. ಇಸವಿ ನೋಡಿ ಎರಡು ಗುಂಪು ಮಾಡಿದ್ದರೆ ತೂಕಕ್ಕೆ ಮಾರುವವರಿಗೂ ಲಾಭವೇ.

ಲೋಹದ ಬೆಲೆ ಲೆಕ್ಕ ಹಾಕುವುದು ಸುಲಭ. ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೆ ಹಳೇ ರೂಪಾಯಿಗೆ 1069, ಅರ್ಧ ಬೆಳ್ಳಿಯದ್ದಕ್ಕೆ 583. ಇವತ್ತಿನ ರೇಟು ಹಾಕಿ ನೀವೇ ಗುಣಿಸಿಕೊಳ್ಳಿ. ಇದು ನೆಲ. ಯಾವ ಅಸಲಿ ನಾಣ್ಯವನ್ನೂ ಇದಕ್ಕಿಂತ ತೀರಾ ಕೆಳಗೆ ಮಾರುವ ಅಗತ್ಯ ಇಲ್ಲ. ನೆಲದ ಮೇಲೆ ಎಷ್ಟು ಮಹಡಿ ಅನ್ನುವುದನ್ನು ಇಸವಿ, ಟಂಕಸಾಲೆ ಮತ್ತು ಸ್ಥಿತಿ ನಿರ್ಧರಿಸುತ್ತವೆ.

ಇಸವಿ ಅಂದರೆ ಹಳೆಯದ್ದಕ್ಕೆ ಹೆಚ್ಚು ಬೆಲೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 1840 ಅಂತ ಬರೆದಿರುವ ವಿಕ್ಟೋರಿಯಾ ರೂಪಾಯಿಯನ್ನು ಅದೇ ಇಸವಿ ಇಟ್ಟು 1861ರವರೆಗೂ ಟಂಕಿಸಿದರು. 1862ರದ್ದೂ ಹಾಗೇ, 1874ರವರೆಗೆ ಇಸವಿ ಬದಲಿಸಲೇ ಇಲ್ಲ. ಬದಲಿಗೆ ಬಾಂಬೆ ಟಂಕಸಾಲೆಯವರು ವರ್ಷ ಗುರುತಿಸಲು ಸಣ್ಣ ಚುಕ್ಕೆಗಳನ್ನು ಸೇರಿಸುತ್ತಾ ಹೋದರು. ಹಾಗಾಗಿ ನಿಮ್ಮ ಅಜ್ಜಿಯ 1862ರ ರೂಪಾಯಿ ಅದಕ್ಕಿಂತ ಹತ್ತು ವರ್ಷ ಚಿಕ್ಕದಿರಬಹುದು. ಸಂಗ್ರಾಹಕರು ಮೊದಲು ಎಣಿಸುವುದೇ ಚುಕ್ಕೆಗಳನ್ನು. 1840ರದ್ದರಲ್ಲಿ ಇನ್ನೊಂದು ಭೇದ ಇದೆ: ರಾಣಿಯ ಹೆಸರು ತಲೆಯ ಸುತ್ತ ಒಂದೇ ಓಟದಲ್ಲಿ ಬರೆದದ್ದು ಒಂದು, ತಲೆಯ ಎರಡು ಬದಿಗೆ ಒಡೆದು ಬರೆದದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆ ನಾಣ್ಯವೆಂದೇ ಎಣಿಸುತ್ತಾರೆ.

ಐದನೇ ಜಾರ್ಜ್‌ನ 1917, 1918, 1919ರ ರೂಪಾಯಿಗಳು ಮಾತ್ರ ಎಲ್ಲಿ ನೋಡಿದರೂ ಸಿಗುತ್ತವೆ. ಕಾರಣ ಮೊದಲ ಮಹಾಯುದ್ಧ. ಯುದ್ಧದ ಖರ್ಚಿಗೆ ಭಾರತದಲ್ಲಿ ನೋಟು ಹೆಚ್ಚಾಗಿ, ಜನ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದರು. ಸರಕಾರದ ಬಳಿ ಬೆಳ್ಳಿ ಮುಗಿಯುತ್ತಾ ಬಂತು. ಆಗ 1918ರಲ್ಲಿ ಅಮೆರಿಕ ಪಿಟ್‌ಮನ್ ಆಕ್ಟ್ ತಂದು, ತನ್ನ ಖಜಾನೆಯಲ್ಲಿದ್ದ 27 ಕೋಟಿ ಬೆಳ್ಳಿ ಡಾಲರ್ ನಾಣ್ಯಗಳನ್ನು ಕರಗಿಸಿತು. ಅದರಲ್ಲಿ ಬಹುಪಾಲು ಬೆಳ್ಳಿ ಬ್ರಿಟನ್ನಿನ ಮೂಲಕ ಭಾರತಕ್ಕೆ ಬಂದು ರೂಪಾಯಿ ಆಯಿತು. ನಿಮ್ಮ ಮನೆಯ ಆ ಕಾಲದ ರೂಪಾಯಿ ಅದರ ಹಿಂದಿನ ಜನ್ಮದಲ್ಲಿ ಅಮೆರಿಕದ ಡಾಲರ್ ಆಗಿದ್ದಿರಲೂ ಸಾಕು! ಕಥೆ ಚೆನ್ನಾಗಿದೆ, ಆದರೆ ಬೆಲೆ ಚೆನ್ನಾಗಿಲ್ಲ. ಕೋಟಿಗಟ್ಟಲೆ ಟಂಕಿಸಿದ್ದರಿಂದ, ಸವೆದ ನಾಣ್ಯಕ್ಕೆ ಲೋಹದ ಬೆಲೆಗಿಂತ ಸ್ವಲ್ಪವೇ ಹೆಚ್ಚು.

ಅದೇ ಜಾರ್ಜ್‌ನ 1911ರದ್ದು ಬೇರೆ ವಿಷಯ. ನಾಣ್ಯದ ಮೇಲಿರುವ ರಾಜನ ನಿಲುವಂಗಿಯಲ್ಲಿ ಒಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಸೊಂಡಿಲು ಗಿಡ್ಡವಾಗಿ, ಅದು ನೋಡುವವರಿಗೆ ಹಂದಿಯಂತೆ ಕಂಡಿತು. ಮುಸ್ಲಿಮರ ಮನಸ್ಸಿಗೆ ನೋವಾಗುತ್ತದೆ ಅನ್ನುವ ಗಲಾಟೆ ಎದ್ದು, ನಾಣ್ಯ ಹಿಂದಕ್ಕೆ ಪಡೆದರು. 1912ರಿಂದ ಸೊಂಡಿಲು ಸರಿಮಾಡಿದ ಹೊಸ ಅಚ್ಚು ಬಂತು. ಸಂಗ್ರಾಹಕರು ಇದನ್ನು ಇವತ್ತಿಗೂ ಪಿಗ್ ರುಪೀ ಅಂತಲೇ ಕರೆಯುತ್ತಾರೆ. ಕ್ರೌಸ್ ಕ್ಯಾಟಲಾಗಿನಲ್ಲಿ ಇದರ ಸಂಖ್ಯೆ ಕೆಎಂ 523, ತಿದ್ದಿದ ಅಚ್ಚಿನದು ಕೆಎಂ 524. ನಮ್ಮ ಡಬ್ಬಿಯಲ್ಲಿದ್ದ 14 ಐದನೇ ಜಾರ್ಜ್‌ಗಳಲ್ಲಿ ಇಂಥದ್ದು ಒಂದು ಇತ್ತು. ಅಂಗಡಿಯ ತಕ್ಕಡಿಯಲ್ಲಿ ಅದಕ್ಕೂ ಉಳಿದ ಹದಿಮೂರಕ್ಕೂ ಒಂದೇ ಬೆಲೆ.

ಟಂಕಸಾಲೆ ಗುರುತನ್ನೂ ನೋಡಿ. ಐದನೇ ಜಾರ್ಜ್‌ನ ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ಹೂವಿನ ಹತ್ತಿರ ಒಂದು ಉಬ್ಬು ಚುಕ್ಕೆ ಇದ್ದರೆ ಬಾಂಬೆ, ಏನೂ ಇಲ್ಲದಿದ್ದರೆ ಕಲ್ಕತ್ತಾ. ಕೆಲವು ವರ್ಷ ಒಂದು ಕಡೆಯದ್ದು ಸಾಮಾನ್ಯ, ಇನ್ನೊಂದು ಕಡೆಯದ್ದು ಅಪರೂಪ. ಇದಕ್ಕೆಲ್ಲ ಪಾಲ್ ಸ್ಟೀವನ್ಸ್ ಮತ್ತು ರ್‍ಯಾಂಡಿ ವೀರ್ ಬರೆದ 'ದಿ ಯೂನಿಫಾರ್ಮ್ ಕಾಯಿನೇಜ್ ಆಫ್ ಇಂಡಿಯಾ' ಪುಸ್ತಕ ಸಿಕ್ಕರೆ ಒಂದು ದಿನ ಕೂತು ನೋಡಿ.

ಮೈಸೂರು ಸೀಮೆಯವರಿಗೆ ಒಂದು ಮಾತು. ನಿಮ್ಮ ಡಬ್ಬಿಯಲ್ಲಿ ರಾಜನ ತಲೆ ಇಲ್ಲದ, ಬರೀ ಪರ್ಷಿಯನ್ ಬರಹದ ದಪ್ಪ ಬೆಳ್ಳಿ ನಾಣ್ಯ ಇದ್ದರೆ ಅದನ್ನು ಗುಂಪಿನಿಂದ ಪಕ್ಕಕ್ಕೆ ಇಡಿ. ಟಿಪ್ಪುವಿನ ಇಮಾಮಿ ಎಂಬ ರೂಪಾಯಿ ಇರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದೂ ಇರಬಹುದು. ಟಿಪ್ಪು ತನ್ನ ನಾಣ್ಯಗಳ ಮೇಲೆ ಮೌಲೂದಿ ವರ್ಷ ಹಾಕಿಸಿದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಓದಲು ಬರುವವರಿಗೆ ತೋರಿಸದೆ ಇದನ್ನು ಯಾರಿಗೂ ಕೊಡಬೇಡಿ.

ಸರಿ, ಅಸಲಿ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ನಮ್ಮ ಲ್ಯಾಬು ಕೆಲಸಕ್ಕೆ ಬರುತ್ತದೆ. 0.01 ಗ್ರಾಂ ತೋರಿಸುವ ಒಂದು ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಅಂದರೆ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅಂದರೆ ಸಿಸಿಯಲ್ಲಿ ನಾಣ್ಯದ ಗಾತ್ರ. ಆರ್ಕಿಮಿಡೀಸ್ ಅಷ್ಟೇ, ಬೇರೇನಿಲ್ಲ. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. 91.7ರ ಬೆರಕೆಗೆ ಲೆಕ್ಕ ಹಾಕಿದರೆ ಸುಮಾರು 10.34 ಬರುತ್ತದೆ. ಹಾಗಾಗಿ 11.66 ಗ್ರಾಂ ನಾಣ್ಯಕ್ಕೆ 1.13 ತೋರಿಸಬೇಕು. ಅರ್ಧ ಬೆಳ್ಳಿಯದ್ದಾದರೆ 1.22. ಜರ್ಮನ್ ಸಿಲ್ವರ್ ಅಂತ ಕರೆಯುವ, ಬೆಳ್ಳಿಯ ಗಂಧವೂ ಇಲ್ಲದ ಬಿಳಿ ಲೋಹದ ನಕಲಿಯಾದರೆ ಅದೇ ತೂಕಕ್ಕೆ 1.3 ದಾಟುತ್ತದೆ. ಸವೆದ ನಾಣ್ಯ 11.4 ಗ್ರಾಂ ಇದ್ದರೂ ಹೆದರಬೇಡಿ, ಮುಖ್ಯವಾದದ್ದು ಎರಡು ಅಂಕಿಗಳ ಅನುಪಾತ. ನಾಣ್ಯಕ್ಕೆ ಅಂಟುವ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮೂರು ಸಲ ಮಾಡಿ ಸರಾಸರಿ ತಗೊಳ್ಳಿ. ಮುಗಿದ ಮೇಲೆ ನಾಣ್ಯವನ್ನು ಉಜ್ಜದೆ, ಮೆತ್ತನೆ ಬಟ್ಟೆಯ ಮೇಲಿಟ್ಟು ಒಣಗಲು ಬಿಡಿ.

ಎರಡನೆಯದು ಆಯಸ್ಕಾಂತ. ಬೆಳ್ಳಿ ಅಂಟಿಕೊಳ್ಳಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಹೆಚ್ಚಿನ ನಕಲಿಗಳೂ ಅಂಟಿಕೊಳ್ಳಲ್ಲ. ನಾಣ್ಯವನ್ನು ಓರೆಯಾಗಿ ಹಿಡಿದು ಮೇಲಿನಿಂದ ಒಂದು ಸಣ್ಣ ನಿಯೋಡಿಮಿಯಂ ಆಯಸ್ಕಾಂತ ಜಾರಿಬಿಡಿ. ಬೆಳ್ಳಿ ಒಳ್ಳೆಯ ವಾಹಕ, ಎಡ್ಡಿ ಕರೆಂಟ್ ಹುಟ್ಟಿ ಆಯಸ್ಕಾಂತ ಯಾರೋ ಹಿಡಿದೆಳೆದ ಹಾಗೆ ನಿಧಾನವಾಗಿ ಜಾರುತ್ತದೆ. ಬಿಳಿ ಲೋಹದ ಮೇಲೆ ಸರ್ ಅಂತ ಜಾರಿಬಿಡುತ್ತದೆ. ತಾಮ್ರಕ್ಕೆ ಬೆಳ್ಳಿ ನೀರು ಕೊಟ್ಟಿದ್ದರೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಸಾಂದ್ರತೆಯಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೇ ಎರಡನ್ನೂ ಮಾಡಬೇಕು. ಹಾಲ್‌ಮಾರ್ಕ್ ಸೆಂಟರಿನ ಎಕ್ಸ್‌ಆರ್‌ಎಫ್ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ ಅನ್ನುವುದು ನೆನಪಿರಲಿ. ಹಳೇ ನಾಣ್ಯದ ಮೇಲ್ಮೈಯಲ್ಲಿ ಬೆಳ್ಳಿ ಒಳಗಿಗಿಂತ ಹೆಚ್ಚಿರುವುದುಂಟು, ಯಂತ್ರ 94 ತೋರಿಸಿದರೆ ಕುಣಿಯಬೇಡಿ.

ಇಷ್ಟೆಲ್ಲ ಆದ ಮೇಲೂ ಒಂದು ಕಳ್ಳ ಉಳಿಯುತ್ತಾನೆ: ಬೆಳ್ಳಿ ಅಸಲಿ, ನಾಣ್ಯ ನಕಲಿ. ಅಪರೂಪದ ಇಸವಿಗಳಿಗೆ ಹೊಸ ಅಚ್ಚು ಮಾಡಿ, ಸರಿಯಾದ ಬೆಳ್ಳಿಯಲ್ಲೇ ಟಂಕಿಸಿದ್ದು. ತೂಕ, ಸಾಂದ್ರತೆ, ಆಯಸ್ಕಾಂತ ಎಲ್ಲದರಲ್ಲೂ ಪಾಸ್. ಆರನೇ ಜಾರ್ಜ್‌ನ 1939ರ ರೂಪಾಯಿ ತುಂಬಾ ಅಪರೂಪ, ಹಾಗಾಗಿ ಅದರ ನಕಲಿಗಳು ಬೇಕಾದಷ್ಟಿವೆ. ನಿಮ್ಮ ಮನೆಯಲ್ಲಿ 1939 ಕಂಡರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಲಿ. ಇದಕ್ಕೆ ಇರುವ ದಾರಿ ಹೋಲಿಕೆ ಒಂದೇ. ಹರಾಜು ಸಂಸ್ಥೆಗಳ ಕ್ಯಾಟಲಾಗಿನ ದೊಡ್ಡ ಫೋಟೋ ಪಕ್ಕಕ್ಕಿಟ್ಟು ಅಂಕಿಗಳ ಆಕಾರ, ಅಕ್ಷರಗಳ ಅಂತರ, ಅಂಚಿನ ಗೆರೆ ನೋಡಬೇಕು. ಎರಕ ಹೊಯ್ದ ನಕಲಿಯಾದರೆ ಸೂಜಿ ಚುಚ್ಚಿದಂಥ ಗುಳ್ಳೆ ಗುಂಡಿಗಳೂ ಅಂಚಿನ ಸುತ್ತ ಸಣ್ಣ ಜೋಡಣೆಯ ಗೆರೆಯೂ ಕಾಣುತ್ತವೆ.

ರಾಮ, ಹನುಮಂತರ ಚಿತ್ರ, ಒಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಅಂತ ಬರೆದ ನಾಣ್ಯವೂ ನಮ್ಮ ಡಬ್ಬಿಯಲ್ಲಿತ್ತು. ಲಕ್ಷಾಂತರ ಬೆಲೆ ಬಾಳುತ್ತದೆ ಅಂತ ದೊಡ್ಡಪ್ಪ ನಂಬಿದ್ದರು. ಇದು ಕಂಪನಿ ಟಂಕಿಸಿದ್ದೇ ಅಲ್ಲ, ಆಮೇಲೆ ಯಾರೋ ಮಾಡಿ ಮಾರಿದ ಪೂಜೆಯ ಬಿಲ್ಲೆ. "ಹೋಗ್ಲಿ ಬಿಡಪ್ಪಾ, ದೇವರಲ್ವಾ" ಅಂದ ದೊಡ್ಡಮ್ಮ ಅದನ್ನು ಗೂಡಿಗೆ ವಾಪಸ್ ಇಟ್ಟರು. ಅದು ಸರಿಯಾದ ಜಾಗವೇ. ಇಂಥವು ಗುಂಪಿನಲ್ಲಿ ಒಂದು ಉಳಿದರೂ ಕೊಳ್ಳುವವರಿಗೆ ಮಿಕ್ಕ ಇಪ್ಪತ್ತೈದರ ಮೇಲೂ ಅನುಮಾನ ಬರುತ್ತದೆ.

ಸ್ಥಿತಿ ಅಂದರೆ ಸವೆತ. ಜಗತ್ತಿನ ಗ್ರೇಡಿಂಗ್ ಕಂಪನಿಗಳು 1ರಿಂದ 70ರವರೆಗೆ ಅಂಕ ಕೊಡುತ್ತವೆ. ನಮಗೆ ಅಷ್ಟು ಬೇಡ. ಕಿರೀಟದ ಮಣಿಗಳು, ಆನೆಯ ಕಾಲು, ರಾಣಿಯ ಕೂದಲಿನ ಎಳೆ, ಇವು ನಾಣ್ಯದ ಅತಿ ಎತ್ತರದ ಜಾಗಗಳು, ಮೊದಲು ಸವೆಯುವುದೂ ಇವೇ. ಇವು ಎಣಿಸುವಷ್ಟು ಸ್ಪಷ್ಟ ಇದ್ದರೆ ಒಳ್ಳೆಯದು. ಅಂಚಿನಲ್ಲಿ ಬೆಸುಗೆಯ ಗುರುತಿದೆಯಾ ಅಂತ ತಿರುಗಿಸಿ ನೋಡಿ. ಹಿಂದೆ ರೂಪಾಯಿಗೆ ಕೊಂಡಿ ಹಾಕಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು, ಆಮೇಲೆ ಕೊಂಡಿ ತೆಗೆಸಿದ್ದರೂ ಗಾಯ ಉಳಿದಿರುತ್ತದೆ. ಅಂಥದ್ದಕ್ಕೆ ಲೋಹದ ಬೆಲೆಯೇ ಗತಿ. ನಮ್ಮದರಲ್ಲಿ ಎರಡು ಹಾಗಿದ್ದವು. ಅದನ್ನು ಮುಚ್ಚಿಡದೆ, ಫೋಟೋದಲ್ಲಿ ಬೆಸುಗೆಯ ಜಾಗಕ್ಕೇ ಫೋಕಸ್ ಮಾಡಿ ತೋರಿಸಿದೆವು. ಸಂಗ್ರಾಹಕರ ಬಳಗ ಸಣ್ಣದು. ಒಬ್ಬರಿಗೆ ಹೇಳದೆ ದಾಟಿಸಿದರೆ ಮುಂದಿನ ವಾರಕ್ಕೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಮಾರುವಾಗ ಪ್ರತಿ ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿ: ರಾಜ, ಇಸವಿ, ಟಂಕಸಾಲೆ, ತೂಕ, ದೋಷ. ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಎರಡೂ ಬದಿಯ ಮತ್ತು ಅಂಚಿನ ಫೋಟೋ ತೆಗೆಯಿರಿ. ಫಿಲ್ಟರ್ ಬೇಡ. ಬೆಲೆಗೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ ಥರದ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಯಾರೋ ಆನ್‌ಲೈನಿನಲ್ಲಿ ಕೇಳಿರುವ ಬೆಲೆ ಲೆಕ್ಕಕ್ಕಿಲ್ಲ. ಕೇಳುವುದಕ್ಕೆ ಹತ್ತು ಲಕ್ಷ ಅಂತ ಯಾರು ಬೇಕಾದರೂ ಕೇಳಬಹುದು.

ಇಡೀ ಗುಂಪನ್ನು ಒಟ್ಟಿಗೆ ಮಾರಬೇಕಾ, ಬಿಡಿಯಾಗಿಯಾ? ಇದು ನಿಜವಾದ ತಲೆನೋವು. ಬಿಡಿಯಾಗಿ ಇಟ್ಟರೆ ಬಂದವರೆಲ್ಲ 1911ರದ್ದನ್ನೇ ಕೇಳುತ್ತಾರೆ, 1918ರದ್ದು ಯಾರಿಗೂ ಬೇಡ. ಒಟ್ಟಿಗೆ ಕೊಟ್ಟರೆ ಒಳ್ಳೆಯ ನಾಣ್ಯ ಸಾಮಾನ್ಯದ ಬೆಲೆಗೆ ಹೋಗುತ್ತದೆ. ನನ್ನ ಅಭಿಪ್ರಾಯ: ಮೇಲಿನ ಮೂರ್ನಾಲ್ಕನ್ನು ಬಿಡಿಯಾಗಿ ಇಡಿ, ಸಾಮಾನ್ಯದ್ದರಲ್ಲಿ ಒಂದು ಇಸವಿಗೆ ಒಂದರಂತೆ ಆರಿಸಿ 1912ರಿಂದ 1920ರ ಸರಣಿ ಅಂತ ಜೋಡಿಸಿ. ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ಬಿಡಿ ಬಿಡಿಯಾಗಿ ಹುಡುಕುವ ಕಷ್ಟ ತಪ್ಪುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚು ಕೊಡುತ್ತಾರೆ. ನಾವು ಹಾಗೇ ಮಾಡಿದೆವು. ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಸಿಕ್ಕ ಇಬ್ಬರು ಹಿರಿಯರು ಕೊಂಡರು. 1911ರದ್ದು ಮತ್ತು ಎರಡು ವಿಕ್ಟೋರಿಯಾಗಳು ಲೋಹದ ಬೆಲೆಗಿಂತ ಹಲವು ಪಟ್ಟು ತಂದವು, ಸರಣಿ ಸುಮಾರಾಗಿ ಹೋಯಿತು. ತಿಕ್ಕಿ ಹೊಳೆಯಿಸಿದ್ದ ನಾಲ್ಕನ್ನು ಅವರು ಮುಟ್ಟಲಿಲ್ಲ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅಂದರೆ ಐದನೇ ಜಾರ್ಜ್‌ನ 1918ರ ರೂಪಾಯಿಯೂ ಈಗ ಆ ಸಾಲಿಗೆ ಸೇರಿದೆ. ಇಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪನ ಗೆಳೆಯರು ಹೆಚ್ಚು ದುಡ್ಡು ಕೊಡುತ್ತೇನೆ ಅಂದರೂ ಕೊರಿಯರ್ ಮಾಡಬೇಡಿ. ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಳ್ಳುವವರಿಗೆ ಅದೇ ಕಾಯ್ದೆಯಡಿ ಲೈಸೆನ್ಸ್ ಬೇಕು. ಇನ್ನು ಹೊಲ ಉಳುವಾಗಲೋ ಹಳೇ ಗೋಡೆ ಕೆಡವುವಾಗಲೋ ಸಿಕ್ಕ ನಾಣ್ಯಗಳ ವಿಷಯವೇ ಬೇರೆ, ಅದು ನಿಧಿ. ಅದನ್ನು ಸರಕಾರಕ್ಕೆ ತಿಳಿಸಬೇಕು, ಮಾರುವ ಮಾತೇ ಇಲ್ಲ.

ಕೊನೆಗೆ ಫೋನ್ ಕಳ್ಳರು. ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವವರು ಕೊಳ್ಳುವವರಲ್ಲ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಹಳೇ ನಾಣ್ಯದ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ಬ್ಯಾಂಕು 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿದೆ. ನಿಜವಾದ ಸಂಗ್ರಾಹಕ ಕೇಳುವುದು ಫೋಟೋ, ತೂಕ, ಆಮೇಲೆ ಒಮ್ಮೆ ಕೈಯಲ್ಲಿ ಹಿಡಿದು ನೋಡುವ ಅವಕಾಶ. ಸಾಧ್ಯವಾದರೆ ನೇರ ಭೇಟಿಯಾಗಿಯೇ ಮಾರಿ. ಅಂಚೆಯಲ್ಲಿ ಕಳಿಸುವುದೇ ಆದರೆ ನಾಣ್ಯಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಸುತ್ತಿ, ವಿಮೆ ಮಾಡಿಸಿ. ಅಗ್ಗದ ಪಿವಿಸಿ ಪೌಚಿನಲ್ಲಿ ಹಾಕಬೇಡಿ, ಕೆಲವೇ ತಿಂಗಳಲ್ಲಿ ಹಸಿರು ಅಂಟು ಬರುತ್ತದೆ. ರಬ್ಬರ್ ಬ್ಯಾಂಡೂ ಬೇಡ, ಅದರಲ್ಲಿ ಗಂಧಕ ಇದೆ. ಹಣ ಬಂದ ಮೇಲೆ ಯಾವ ನಾಣ್ಯ, ಎಷ್ಟಕ್ಕೆ, ಯಾವ ದಿನ ಅಂತ ಒಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತೀರಿ ಅನ್ನುವುದನ್ನೂ ಅದರಲ್ಲೇ ಬರೆಯಿರಿ. ನಾವು ಹದಿನೈದು ದಿನ ಅಂತ ಬರೆದಿದ್ದೆವು.